ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ಖರಾಡಿಯ ಕನ್ನಡಿಗರಲ್ಲಿ ಒಂದು ವಿಜ್ಞಾಪನೆ

ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವು ಮೊದಲಾದವನ್ನು ಕುರಿತು ಬಲ್ಲವರು ಬರೆಯುವ ಈ ಸ್ಮರಣ ಸಂಚಿಕೆಯಲ್ಲಿ ಗಣಕಯಂತ್ರದ ಪ್ರಸ್ತಾಪಕ್ಕೆ ಎಡೆಯೆಲ್ಲಿ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಇಂದಿನ ಸಂಸಾರದಲ್ಲಿ ಔಷಧದ ಚೀಟಿ, ರಕ್ತಪರೀಕ್ಷೆಯ ವರದಿ, ವಿಮೆಯ ಕಾಗದ, ಪಿಂಚಣಿಯ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವೂ ಬಂದು ಸೇರಿರುವುದು ಲ್ಯಾಪ್‌ಟಾಪಿನಲ್ಲಿ. ಮನೆಯ ಹಿರಿಯರ ಆರೋಗ್ಯವನ್ನು ದಿನವೂ ವಿಚಾರಿಸುವ ನಾವು, ಅವರ ಕಾಗದಪತ್ರಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿರುವ ಆ ಯಂತ್ರದ ಆರೋಗ್ಯವನ್ನು ವಿಚಾರಿಸುವುದು ಅಪರೂಪ. ಆ ವಿಷಯವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಭದ್ರತೆಯ ತಿದ್ದುಪಡಿಗಳನ್ನು ಇನ್ನೊಂದು ವರ್ಷದ ಮಟ್ಟಿಗೆ, ಅಂದರೆ 2026ರ ಅಕ್ಟೋಬರ್‌ವರೆಗೆ, ಒದಗಿಸುವ ಏರ್ಪಾಡೊಂದು ಆಯಿತು, ಅಷ್ಟೇ. ವಿಂಡೋಸ್ 11ಕ್ಕೆ ಏರೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅದರಿಂದ ಮುಂದಿನ ಪ್ರೊಸೆಸರು ಬೇಕು. 2017ಕ್ಕೆ ಮುಂಚೆ ಕೊಂಡ ಲ್ಯಾಪ್‌ಟಾಪುಗಳು ಬಹುತೇಕ ಈ ಪಂಕ್ತಿಯಿಂದ ಎಬ್ಬಿಸಲ್ಪಟ್ಟವು. ಅವುಗಳ ಪರದೆ ಚೆನ್ನಾಗಿದೆ, ಕೀಲಿಮಣೆ ಚೆನ್ನಾಗಿದೆ, ಪ್ರೊಸೆಸರು ಗಟ್ಟಿಮುಟ್ಟಾಗಿದೆ. ಆದರೂ ಅವು ಮುದಿಯಾದವೆಂದು ಸಾರಲಾಗಿದೆ. ಇಂಥ ಯಂತ್ರಗಳಿಗೆ ನಮ್ಮ ಮನೆಗಳಲ್ಲಿ ಎರಡೇ ಗತಿ: ಒಂದು, ಅಟ್ಟ, ಇನ್ನೊಂದು, ಭಾನುವಾರ ಕೂಗುತ್ತ ಬರುವ ಭಂಗಾರದವನ ಕೈಗಾಡಿ. ಮೂರನೆಯದೊಂದು ಇನ್ನೂ ಅಪಾಯಕಾರಿ. ‘ಅಪ್ಪನಿಗೆ ಇಷ್ಟು ಸಾಕು’ ಎಂದು ಅದೇ ಹಳೆಯ ವಿಂಡೋಸ್ ಸಹಿತ ಯಂತ್ರವನ್ನು ವೃದ್ಧ ತಂದೆತಾಯಿಗಳ ಕೈಗೆ ಕೊಡುವುದು. ಭದ್ರತೆಯ ತಿದ್ದುಪಡಿ ದೊರೆಯದ ಗಣಕದಲ್ಲಿ ಪಿಂಚಣಿಯ ಖಾತೆಯನ್ನು ತೆರೆಯುವುದೆಂದರೆ ಅಗುಳಿಯಿಲ್ಲದ ಬಾಗಿಲ ಹಿಂದೆ ಒಡವೆಯ ಪೆಟ್ಟಿಗೆಯನ್ನು ಇಟ್ಟಂತೆ. ಹಿರಿಯರೂ ಮೋಸ ಹೋಗುತ್ತಿರುವ ಈ ಕಾಲದಲ್ಲಿ ಇದನ್ನು ಲಘುವಾಗಿ ಕಾಣಲಾಗದು.

ಇದಕ್ಕೆ ಪರಿಹಾರವೊಂದಿದೆ, ಅದು ನಮ್ಮ ಖರಾಡಿಗೆ ತೀರ ಪರಿಚಿತವಾದದ್ದೇ. ಮುಳಾ-ಮುಠಾ ನದಿಯ ದಂಡೆಯಲ್ಲಿ, ನಗರ ರಸ್ತೆಗೆ ಅನತಿ ದೂರದಲ್ಲಿ ಹಳ್ಳಿಯಾಗಿದ್ದ ಈ ಊರು ಇಂದು ಇಯಾನ್ ಐಟಿ ಪಾರ್ಕ್, ವರ್ಲ್ಡ್ ಟ್ರೇಡ್ ಸೆಂಟರ್ ಮೊದಲಾದ ಗಾಜಿನ ಸೌಧಗಳ ಬೀಡಾಗಿದೆ. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳಿಂದಲೂ, ಮೈಸೂರು ಮಂಗಳೂರುಗಳಿಂದಲೂ ಬಂದ ನಮ್ಮ ತರುಣ ತರುಣಿಯರು ಅಲ್ಲಿ ಹಗಲಿರುಳೂ ದುಡಿಯುತ್ತಾರೆ. ಅವರಲ್ಲಿ ಅನೇಕರು ದಿನವಿಡೀ ಒಡನಾಡುವ ಸರ್ವರುಗಳು ನಡೆಯುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಮೇಲೆ. ಅವರ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲಿನಲ್ಲಿರುವುದೂ ಲಿನಕ್ಸಿನ ತಿರುಳೇ. ಜಗತ್ತಿನ ಅತಿವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದೀಚೆಗೆ ಲಿನಕ್ಸ್ ಅಲ್ಲದ್ದು ಒಂದೂ ಇಲ್ಲ. ಇಷ್ಟಾದರೂ ಮನೆಯ ಮೇಜಿನ ಮೇಲೆ ಲಿನಕ್ಸ್ ಎಂದರೆ, ‘ಅಯ್ಯೋ, ಅದು ನಮ್ಮಂಥವರಿಗಲ್ಲ’ ಎಂಬ ಉದ್ಗಾರ. ಕಚೇರಿಯಲ್ಲಿ ಅನ್ನ ಕೊಡುವುದನ್ನು ಮನೆಯ ಹೊಸ್ತಿಲಾಚೆ ನಿಲ್ಲಿಸುವ ಈ ಮಡಿವಂತಿಕೆ ನನಗೆ ಅರ್ಥವಾಗುವುದಿಲ್ಲ.

ಅಪರಿಚಿತರಾದ ವಾಚಕರಿಗಾಗಿ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳುವೆ. ತಂತ್ರಾಂಶವನ್ನು ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ಅಧಿಕಾರ ಎಲ್ಲರಿಗೂ ಇರಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಎಂಬ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನುಸ್ ಟೊರ್ವಾಲ್ಡ್ಸ್ ಆಪರೇಟಿಂಗ್ ಸಿಸ್ಟಂನ ತಿರುಳನ್ನು ಬರೆದು ಹೊರಗಿಟ್ಟರು. ಎರಡೂ ಕೂಡಿ ಬೆಳೆದುದೇ ಇಂದಿನ ಲಿನಕ್ಸ್. ಬರಿಯ ತಿರುಳಿನಿಂದ ಗೃಹಸ್ಥನಿಗೆ ಪ್ರಯೋಜನವಿಲ್ಲ. ಅಕ್ಕಿ ಬೇಳೆ ಕೊಟ್ಟು ‘ಅಡುಗೆ ಮಾಡಿಕೊಳ್ಳಿ’ ಎನ್ನದೆ, ಬಡಿಸಿದ ಎಲೆಯನ್ನೇ ಮುಂದಿಡುವವರು ಬೇಕಲ್ಲವೆ? ಹಾಗೆ ಬಡಿಸಿದ ಎಲೆಗೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. 1993ರ ಡೆಬಿಯನ್, 2004ರ ಉಬುಂಟು, 2006ರ ಲಿನಕ್ಸ್ ಮಿಂಟ್ ಇವೆಲ್ಲ ಅಂಥವು. ನಮ್ಮ ಸಿ-ಡ್ಯಾಕ್ ಸಂಸ್ಥೆಯೂ 2007ರಲ್ಲಿ ‘ಬಾಸ್’ ಎಂಬುದನ್ನು ಹೊರತಂದಿತು. ಮನೆಬಳಕೆಗೆ, ಅದರಲ್ಲೂ ವಿಂಡೋಸಿಗೆ ಒಗ್ಗಿದ ಕೈಗಳಿಗೆ, ಮಿಂಟ್ ಸಲೀಸು ಎಂಬುದು ನನ್ನ ಅಭಿಪ್ರಾಯ. ಅಭಿಮಾನಿಗಳು ಇದರ ಮೇಲೆ ನನ್ನೊಡನೆ ಜಗಳ ತೆಗೆಯುವುದು ಖಂಡಿತ, ತೆಗೆಯಲಿ.

ಹಣ ಕೊಡಬೇಕಾಗಿಲ್ಲ ಎಂದೊಡನೆ ನಮ್ಮವರಿಗೆ ಒಂದು ಅನುಮಾನ. ಬಿಟ್ಟಿ ಸಿಕ್ಕಿದ್ದು ಕೆಟ್ಟದ್ದಿರಬೇಕು ಎಂದು. ಇದು ಧರ್ಮಛತ್ರವಲ್ಲ. ಲಿನಕ್ಸನ್ನೇ ನಂಬಿ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ ಕೊಂಡದ್ದು 3,400 ಕೋಟಿ ಡಾಲರುಗಳಿಗೆ. ಮುಕ್ತವೆಂದರೆ ಬೆಲೆಯಿಲ್ಲದ್ದಲ್ಲ, ಬೀಗವಿಲ್ಲದ್ದು.

ಇನ್ನು ಸ್ಥಾಪನೆಯ ವಿಧಾನ. ಮೊಟ್ಟಮೊದಲು ಹೇಳಬೇಕಾದದ್ದು: ಕಚೇರಿ ಕೊಟ್ಟ ಲ್ಯಾಪ್‌ಟಾಪನ್ನು ಮುಟ್ಟಲೇಬಾರದು. ಸ್ವಂತದ್ದು ಮಾತ್ರ. ಅದು 64 ಬಿಟ್‌ನದಾಗಿರಬೇಕು. ಮಿಂಟ್‌ಗೆ 2 ಜಿಬಿ ರ‍್ಯಾಮ್ ಕನಿಷ್ಠವೆನ್ನುತ್ತಾರೆ, ಆದರೆ 4 ಜಿಬಿಗಿಂತ ಕಡಿಮೆಯಿದ್ದರೆ ಬ್ರೌಸರು ತೆರೆದೊಡನೆ ಏದುಸಿರು ಬರುತ್ತದೆ. ಡಿಸ್ಕಿನಲ್ಲಿ 20 ಜಿಬಿ ಕನಿಷ್ಠ, 100 ಜಿಬಿ ಇದ್ದರೆ ಲೇಸು. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕು ಇದ್ದಲ್ಲಿ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿರಿ. ಲಿನಕ್ಸ್ ತರುವ ಚುರುಕಿಗಿಂತ ಈ ಒಂದು ಬದಲಾವಣೆ ತರುವ ಚುರುಕೇ ಹೆಚ್ಚು ಎಂದು ಒಪ್ಪಿಕೊಳ್ಳುವುದು ನ್ಯಾಯ.

ಆಮೇಲೆ ಒಳಗಿರುವ ಫೋಟೋ, ಕಾಗದಪತ್ರ, ವೈದ್ಯಕೀಯ ವರದಿಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ನಕಲಾಗಿದೆಯೇ ಎಂದು ನಾಲ್ಕಾರು ಕಡತಗಳನ್ನು ತೆರೆದು ನೋಡಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದ ಗುಂಪು ಗೊತ್ತುಮಾಡಿಕೊಳ್ಳುವಷ್ಟೇ ಇದು ಅಗತ್ಯ. ಕೆಲವು ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ತಾನೇ ತಾನಾಗಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿರುತ್ತದೆ. ವಿಂಡೋಸನ್ನೂ ಉಳಿಸಿಕೊಳ್ಳುವ ವಿಚಾರವಿದ್ದರೆ ಅದರ ಕೀಲಿಯಾದ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯತಕ್ಕದ್ದು.

8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಮಿಂಟ್‌ನ ಸ್ವಂತ ತಾಣದಿಂದ ಐಎಸ್‌ಒ ಕಡತವನ್ನು ಇಳಿಸಿಕೊಂಡು, ಅಲ್ಲಿಯೇ ಕೊಟ್ಟಿರುವ ಪರೀಕ್ಷಾಂಕದೊಡನೆ ತಾಳೆ ನೋಡಿ, ರೂಫಸ್ ಅಥವಾ ಎಚರ್ ಎಂಬ ಉಪಕರಣದಿಂದ ಪೆನ್‌ಡ್ರೈವಿಗೆ ಬರೆಯಬೇಕು. ಸುಮ್ಮನೆ ಕಡತವನ್ನು ಎಳೆದು ಹಾಕಿದರೆ ಆಗದು. ಪೆನ್‌ಡ್ರೈವನ್ನು ಸಿಕ್ಕಿಸಿ ಯಂತ್ರವನ್ನು ಚಾಲೂ ಮಾಡುವಾಗ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಯಾವುದರಿಂದ ಹೊರಡಬೇಕೆಂದು ಕೇಳುತ್ತದೆ. ಇಲ್ಲಿ ಲಿನಕ್ಸಿನ ಒಂದು ಸೌಜನ್ಯವನ್ನು ಮೆಚ್ಚಲೇಬೇಕು. ಡಿಸ್ಕಿನಲ್ಲಿರುವ ಒಂದಕ್ಷರವನ್ನೂ ಅಳಿಸದೆ ಅದು ಪೆನ್‌ಡ್ರೈವಿನಿಂದಲೇ ಓಡುತ್ತದೆ. ವೈದ್ಯರು ಕತ್ತಿ ಹಿಡಿಯುವ ಮೊದಲು ನಾಡಿ ಹಿಡಿಯುವಂತೆ, ನಾವು ಇಲ್ಲಿ ವೈ-ಫೈ ಬರುತ್ತದೆಯೇ, ಧ್ವನಿ ಕೇಳುತ್ತದೆಯೇ, ಕ್ಯಾಮರಾ ಕಾಣುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂದು ಅರ್ಧ ತಾಸು ನೋಡಬಹುದು. ಸರಿಬೀಳದಿದ್ದರೆ ಪೆನ್‌ಡ್ರೈವನ್ನು ಕಿತ್ತುಬಿಟ್ಟರಾಯಿತು. ಏನೂ ನಡೆದಿಲ್ಲವೆಂಬಂತೆ ವಿಂಡೋಸ್ ಮರಳುತ್ತದೆ. ಈ ಪರೀಕ್ಷೆಗೆ ತಾಳ್ಮೆಯಿಲ್ಲದವರು ಮುಂದಿನ ಹೆಜ್ಜೆ ಇಡದಿರುವುದೇ ಕ್ಷೇಮ.

ಸ್ಥಾಪಿಸುವಾಗ ಕೇಳುವ ಪ್ರಶ್ನೆಗಳು ಆರೇಳು. ಅವುಗಳಲ್ಲಿ ಒಂದೇ ಒಂದು ಗಂಭೀರವಾದದ್ದು: ವಿಂಡೋಸಿನ ಪಕ್ಕದಲ್ಲಿ ಇರಲೇ, ಇಡೀ ಡಿಸ್ಕನ್ನು ಅಳಿಸಿ ಒಬ್ಬನೇ ಇರಲೇ ಎಂಬುದು. ಬೆಂಬಲ ಕಳೆದುಕೊಂಡ ವಿಂಡೋಸನ್ನು ಪಕ್ಕದಲ್ಲಿಟ್ಟುಕೊಂಡು ಹಿರಿಯರ ಕೈಗೆ ಯಂತ್ರ ಕೊಡುವುದು ನನಗೆ ಸಮ್ಮತವಲ್ಲ; ಅವರ ಕೈ ರೂಢಿಯಂತೆ ಅತ್ತಲೇ ಹೋಗುತ್ತದೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಅನಂತರ ಒಮ್ಮೆ ಎಲ್ಲ ತಿದ್ದುಪಡಿಗಳನ್ನು ಹಾಕಿಸಿ, ಟೈಮ್‌ಶಿಫ್ಟ್ ಎಂಬುದನ್ನು ಚಾಲೂ ಮಾಡಿದರೆ, ಯಾವುದೋ ತಿದ್ದುಪಡಿ ಕೈಕೊಟ್ಟಾಗ ನಿನ್ನೆಯ ಸ್ಥಿತಿಗೆ ಮರಳಬಹುದು. ಒಂದು ಎಚ್ಚರಿಕೆ ಅತ್ಯಗತ್ಯ. ತಂತ್ರಾಂಶಗಳನ್ನು ಡಿಸ್ಟ್ರಿಬ್ಯೂಷನ್ನಿನ ಸ್ವಂತ ಭಂಡಾರದಿಂದಲೇ ಪಡೆಯಬೇಕು. ಅಂತರ್ಜಾಲದಲ್ಲಿ ಕಂಡ ಅಪರಿಚಿತ ಆಜ್ಞೆಯನ್ನು ಅರ್ಥ ತಿಳಿಯದೆ ಟರ್ಮಿನಲ್ಲಿಗೆ ಅಂಟಿಸುವುದು, ಬಸ್ ನಿಲ್ದಾಣದಲ್ಲಿ ಮಾರುವ ಸರ್ವರೋಗಹರ ಚೂರ್ಣವನ್ನು ನುಂಗುವುದು, ಎರಡೂ ಒಂದೇ.

ಈಗ ಕನ್ನಡದ ಮಾತಿಗೆ ಬರೋಣ. ಈ ಲೇಖನವನ್ನು ಬರೆಯಲು ನನ್ನನ್ನು ಮುಖ್ಯವಾಗಿ ಪ್ರೇರಿಸಿದ್ದು ಅದೇ. ಲಿನಕ್ಸ್ ಹುಟ್ಟಿದ 1991ರಲ್ಲಿಯೇ ಯೂನಿಕೋಡ್ ಎಂಬ ವಿಶ್ವಲಿಪಿ ಸಂಕೇತದ ಮೊದಲ ಆವೃತ್ತಿಯೂ ಬಂದಿತು. ಅದರಲ್ಲಿ ಕನ್ನಡಕ್ಕೆ ಮೊದಲ ದಿನದಿಂದಲೇ ಸ್ಥಾನವಿತ್ತು. ಆದರೆ ಸಂಕೇತವೊಂದಿದ್ದರೆ ಸಾಲದು, ಅಕ್ಷರಕ್ಕೆ ರೂಪ ಬೇಕು. ಮುಕ್ತ ಪರವಾನಗಿಯ ಅಕ್ಷರರೂಪಗಳು ನಮ್ಮ ಭಾಷೆಗಳಿಗೆ ವಿರಳವಾಗಿದ್ದ ಕಾಲದಲ್ಲಿ ರೆಡ್ ಹ್ಯಾಟ್ ಕಂಪನಿಯು ‘ಲೋಹಿತ’ ಎಂಬ ಅಕ್ಷರಕುಟುಂಬವನ್ನು ಹೊರತಂದಿತು. ಕನ್ನಡ, ಮರಾಠಿ, ತೆಲುಗು, ತಮಿಳು ಮೊದಲಾದ ಹನ್ನೊಂದು ಭಾಷೆಗಳ ಅಕ್ಷರಗಳು ಅದರಲ್ಲಿವೆ. ಆ ಅಕ್ಷರರೂಪಗಳನ್ನು ಒದಗಿಸಿದವರು ಮಾಡ್ಯುಲರ್ ಇನ್ಫೋಟೆಕ್, ‘ಶ್ರೀಲಿಪಿ’ಯಿಂದ ಮುದ್ರಣಾಲಯಗಳಲ್ಲಿ ಮನೆಮಾತಾದ ನಮ್ಮ ಪುಣೆಯ ಸಂಸ್ಥೆ! ಮೊದಲು ಜಿಪಿಎಲ್ ಪರವಾನಗಿಯಲ್ಲಿದ್ದ ಲೋಹಿತವನ್ನು 2011ರಲ್ಲಿ ಇನ್ನೂ ಸರಳವಾದ ಮುಕ್ತ ಅಕ್ಷರ ಪರವಾನಗಿಗೆ ತಂದರು. ರೆಡ್ ಹ್ಯಾಟ್‌ನಲ್ಲಿ ಭಾರತೀಯ ಭಾಷೆಗಳಿಗಾಗಿ ದುಡಿದ ಬಳಗವೂ ಇದೇ ಪುಣೆಯಲ್ಲಿತ್ತು. ಇನ್ನೂ ಹಿಂದಕ್ಕೆ ಹೋದರೆ, 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು ಡಾಸ್ ಕಾಲದ ಗಣಕಗಳಲ್ಲಿಯೇ ಭಾರತೀಯ ಲಿಪಿಗಳನ್ನು ಮೂಡಿಸಿತ್ತು. ಹೊಟ್ಟೆಪಾಡಿಗಾಗಿ ಕನ್ನಡನಾಡನ್ನು ಬಿಟ್ಟು ಬಂದೆವೆಂದು ಆಗಾಗ ಹಲುಬುವ ನಾವು, ಗಣಕದೊಳಗಿನ ಕನ್ನಡಕ್ಕೆ ಈ ಮರಾಠಿ ನಗರ ಎಷ್ಟು ಉಪಕಾರ ಮಾಡಿದೆಯೆಂಬುದನ್ನು ತಿಳಿದಿರಬೇಕು. ಡೆಬಿಯನ್ ಭಂಡಾರದಲ್ಲಿ ಕನ್ನಡಕ್ಕೆಂದೇ ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರಿನ ಅಕ್ಷರರೂಪಗಳೂ ಇವೆ.

ಇನ್ನು ಕೀಲಿಮಣೆ. ಕೆ. ಪಿ. ರಾವ್ ಅವರು ದಕ್ಷಿಣ ಕನ್ನಡದ ಕಿನ್ನಿಕಂಬಳದವರು. ನಮ್ಮಂತೆಯೇ ಹೊರನಾಡಿಗರಾಗಿ ಮುಂಬಯಿಯಲ್ಲಿ ದುಡಿದವರು. ಅವರು ರೂಪಿಸಿ ಸರ್ವರ ಬಳಕೆಗೆ ಬಿಟ್ಟುಕೊಟ್ಟ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ಮೂಲಕ ಕರ್ನಾಟಕ ಸರಕಾರದ ಮಾನ್ಯ ವಿನ್ಯಾಸವಾಯಿತು. ‘ನುಡಿ’ ಬಳಸಿದವರ ಬೆರಳುಗಳಿಗೆ ಅದು ಗೊತ್ತು. ಲಿನಕ್ಸಿನಲ್ಲಿ ಅದನ್ನು ಹಣ ಕೊಟ್ಟು ತರಬೇಕಾಗಿಲ್ಲ, ಹುಡುಕಿ ಇಳಿಸಿಕೊಳ್ಳಬೇಕಾಗಿಯೂ ಇಲ್ಲ. ಕೀಲಿಮಣೆಯ ಸೆಟ್ಟಿಂಗಿಗೆ ಹೋಗಿ ಕನ್ನಡದ ಕೆಳಗೆ ‘ಕಗಪ’ ಎಂಬುದನ್ನು ಸೇರಿಸಿದರೆ ಮುಗಿಯಿತು. ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳಲ್ಲಿ ‘ಕನ್ನಡ’ ಮೂಡುತ್ತದೆ. ನಡುವಿನ ಎಫ್ ಒತ್ತಕ್ಷರಕ್ಕೆ. ಪುಣೆಯಲ್ಲಿ ಹುಟ್ಟಿ, ಶಾಲೆಯಲ್ಲಿ ಮರಾಠಿ ಹಿಂದಿ ಇಂಗ್ಲಿಷುಗಳನ್ನು ಓದಿ, ಕನ್ನಡವನ್ನು ಅಡುಗೆಮನೆಯಲ್ಲಷ್ಟೇ ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಐದು ಕೀಲಿಗಳ ಆಟವು ವರ್ಣಮಾಲೆಯ ಪುಸ್ತಕಕ್ಕಿಂತ ಬೇಗ ಹಿಡಿಸುತ್ತದೆ. ಹಳೆಯ ಲ್ಯಾಪ್‌ಟಾಪು ಅಜ್ಜಿಗೆ ಮತ್ತು ಮೊಮ್ಮಗಳಿಗೆ ಸೇರಿದ್ದಾಗಲಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಅಜ್ಜಿಗೆ ಅಕ್ಷರ ಗೊತ್ತು, ಕೀಲಿ ಗೊತ್ತಿಲ್ಲ. ಮೊಮ್ಮಗಳಿಗೆ ಕೀಲಿ ಗೊತ್ತು, ಅಕ್ಷರ ಗೊತ್ತಿಲ್ಲ.

ಎಲ್ಲವೂ ಸುಗಮವೆಂದು ಹೇಳಿ ವಾಚಕರನ್ನು ವಂಚಿಸಲಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಆಟೋಕ್ಯಾಡಿನಲ್ಲಿ ನಕ್ಷೆ ಬಿಡಿಸುವವರು, ಫೋಟೋಶಾಪ್ ವೃತ್ತಿಯವರು ಲಿನಕ್ಸಿಗೆ ಬರಬೇಡಿ. ಅವು ಇಲ್ಲಿಗಾಗಿ ತಯಾರಾದವಲ್ಲ. ಡಿಜಿಟಲ್ ಸಹಿಯ ಟೋಕನ್ನು ಪೇಚಾಟ ತರುವುದುಂಟು. ಬೆರಳಚ್ಚಿನ ಓದುಗ ಅನೇಕ ಮಾದರಿಗಳಲ್ಲಿ ನಡೆಯುವುದಿಲ್ಲ. ಕೆಲವು ಹಳೆಯ ವೈ-ಫೈ ಚಿಪ್ಪುಗಳು ಚಾಲಕ ತಂತ್ರಾಂಶಕ್ಕಾಗಿ ಮೊದಲ ದಿನ ಫೋನಿನಿಂದ ಯುಎಸ್‌ಬಿ ತಂತಿಯಲ್ಲಿ ಅಂತರ್ಜಾಲವನ್ನು ಬೇಡುತ್ತವೆ. ಕನ್ನಡ ಅನುವಾದವೂ ಎಲ್ಲ ಕಡೆ ಪೂರ್ಣವಾಗಿಲ್ಲ. ಒಂದು ಕಿಟಕಿಯಲ್ಲಿ ಅಚ್ಚಗನ್ನಡ, ಪಕ್ಕದ ಕಿಟಕಿಯಲ್ಲಿ ಅರ್ಧ ಇಂಗ್ಲಿಷು. ಕೆಲವೆಡೆ ಅನುವಾದ ಎಷ್ಟು ಬಿಗಿಯೆಂದರೆ ಇಂಗ್ಲಿಷೇ ಸುಲಭವೆನಿಸುತ್ತದೆ. ಆದರೆ ಇಲ್ಲಿ ಒಂದು ವ್ಯತ್ಯಾಸವುಂಟು. ಬೀಗ ಹಾಕಿದ ತಂತ್ರಾಂಶದಲ್ಲಿ ತಪ್ಪು ಕನ್ನಡ ಕಂಡರೆ ಗೊಣಗಿ ಸುಮ್ಮನಾಗಬೇಕು. ಇಲ್ಲಿ ಕನ್ನಡ ಬಲ್ಲ ಯಾರು ಬೇಕಾದರೂ ಕೂತು ತಿದ್ದುಪಡಿ ಕಳುಹಿಸಬಹುದು. ನಿವೃತ್ತ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಸಂಜೆಯ ಕೆಲಸವನ್ನು ನಾನು ಕಾಣೆ.

‘ಫೋನು ಇರುವಾಗ ಲ್ಯಾಪ್‌ಟಾಪೇಕೆ?’ ಎಂಬ ಆಕ್ಷೇಪವೂ ಇದೆ. ನಾಲ್ಕು ಸಾಲಿನ ಸಂದೇಶಕ್ಕೆ ಫೋನು ಸಾಕು. ನಾಲ್ಕು ಪುಟದ ಬರಹಕ್ಕೆ, ಹದಿನಾಲ್ಕು ಸಾಲಿನ ಖರ್ಚಿನ ಪಟ್ಟಿಗೆ, ಕಣ್ಣು ಮಂಜಾದವರ ಓದಿಗೆ ದೊಡ್ಡ ಪರದೆಯೇ ಬೇಕು.

ಸಂಘಸಂಸ್ಥೆಗಳಿಗೂ ಇದರಲ್ಲಿ ಒಂದು ಪಾಲಿದೆ, ಅದು ಸ್ವಲ್ಪ ಕಹಿಯಾದದ್ದು. ಹೊರನಾಡಿನ ಕನ್ನಡ ಸಂಘಗಳ ಎಷ್ಟೋ ಸ್ಮರಣ ಸಂಚಿಕೆಗಳು ಪೇಜ್‌ಮೇಕರಿನಲ್ಲಿ, ಯೂನಿಕೋಡ್ ಅಲ್ಲದ ಅಕ್ಷರರೂಪಗಳಲ್ಲಿ ಜೋಡಣೆಯಾದವು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆ ಕಡತಗಳನ್ನು ಇಂದಿನ ಗಣಕದಲ್ಲಿ ತೆರೆಯುವುದೇ ದುಸ್ತರ. ತೆರೆದರೂ ಆ ಅಕ್ಷರರೂಪವಿಲ್ಲದಲ್ಲಿ ಕನ್ನಡದ ಬದಲು ಲ್ಯಾಟಿನ್ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಇದು ಲಿನಕ್ಸಿನಲ್ಲಿ ಮಾತ್ರವಲ್ಲ, ಹೊಸ ವಿಂಡೋಸಿನಲ್ಲಿಯೂ ಅಷ್ಟೇ. ಹಿರಿಯರು ಬರೆದ ನೆನಪುಗಳು, ಊರಿನ ವೃತ್ತಾಂತಗಳು, ಗತಿಸಿದವರ ಕವಿತೆಗಳು ಅಕ್ಷರಶಃ ಅವಾಚ್ಯವಾಗಿ ಕುಳಿತಿವೆ. ಹಳೆಯ ಸಂಕೇತದ ಕನ್ನಡವನ್ನು ಯೂನಿಕೋಡಿಗೆ ತಿರುಗಿಸುವ ಮುಕ್ತ ಉಪಕರಣಗಳು ದೊರೆಯುತ್ತವೆ. ಅರ್ಕಾವತ್ತು ಒತ್ತಕ್ಷರಗಳಲ್ಲಿ ತಪ್ಪುಗಳು ಉಳಿಯುವುದರಿಂದ ಕಣ್ಣಿಟ್ಟು ತಿದ್ದುವವರು ಬೇಕು. ಮುಂದಿನ ಸಂಚಿಕೆಯನ್ನಾದರೂ ಲಿಬ್ರೆಆಫೀಸ್ ಅಥವಾ ಸ್ಕ್ರೈಬಸ್‌ನಂತಹ ಮುಕ್ತ ತಂತ್ರಾಂಶದಲ್ಲಿ, ಯೂನಿಕೋಡಿನಲ್ಲಿ ಸಿದ್ಧಪಡಿಸಬೇಕೆಂದು ಸಂಪಾದಕ ಮಂಡಳಿಯನ್ನು ಆಗ್ರಹಪಡಿಸುತ್ತೇನೆ.

ಕೇರಳದ ಉದಾಹರಣೆ ನಮ್ಮ ಮುಂದಿದೆ. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಗಣಕಪಾಠ ನಡೆಯುವುದು ಮುಕ್ತ ತಂತ್ರಾಂಶದಲ್ಲಿ. ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ ಈಗ ಕೈಟ್ ಎನಿಸಿರುವ ಸಂಸ್ಥೆ ಉಬುಂಟುವಿನ ಆಧಾರದ ಮೇಲೆ ಶಾಲೆಗಳಿಗೆಂದೇ ಒಂದು ಡಿಸ್ಟ್ರಿಬ್ಯೂಷನ್ ಸಿದ್ಧಪಡಿಸುತ್ತದೆ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹೈಸ್ಕೂಲಿನಲ್ಲಿಯೇ ಲಿನಕ್ಸಿಗೆ ಕೈ ಪಳಗಿಸಿಕೊಳ್ಳುತ್ತಾರೆ. ಖರಾಡಿಯ ಸಾಫ್ಟ್‌ವೇರ್ ತಜ್ಞರ ಮಕ್ಕಳಿಗೆ ಈ ಭಾಗ್ಯವಿಲ್ಲದಿರುವುದು ವಿಚಿತ್ರವೇ ಸರಿ.

ನಮ್ಮ ಸಂಘಗಳು ವರ್ಷಂಪ್ರತಿ ನೇತ್ರ ತಪಾಸಣೆ, ಮಧುಮೇಹ ತಪಾಸಣೆಯ ಶಿಬಿರಗಳನ್ನು ಏರ್ಪಡಿಸುತ್ತವೆ. ಅವುಗಳ ಪಕ್ಕದಲ್ಲಿಯೇ ಒಂದು ಭಾನುವಾರ ಹಳೆಯ ಲ್ಯಾಪ್‌ಟಾಪುಗಳ ಶಿಬಿರವನ್ನೂ ನಡೆಸಬಹುದು. ಅಜ್ಜಂದಿರು ರಕ್ತದೊತ್ತಡ ತೋರಿಸಿಕೊಳ್ಳುವಷ್ಟರಲ್ಲಿ ಅವರ ಯಂತ್ರದ ನಾಡಿಯನ್ನೂ ನೋಡಿ ಮುಗಿದಿರುತ್ತದೆ. ಇದಕ್ಕೆ ದೇಣಿಗೆ ಎತ್ತಬೇಕಾಗಿಲ್ಲ. ಐದಾರು ಪೆನ್‌ಡ್ರೈವುಗಳು, ಒಂದು ನಕಲು ಡಿಸ್ಕು, ಸಾಕಷ್ಟು ಪ್ಲಗ್ ಪಾಯಿಂಟುಗಳಿರುವ ಸಭಾಗೃಹ, ಕಚೇರಿಯಲ್ಲಿ ಲಿನಕ್ಸ್ ಬಲ್ಲ ನಾಲ್ವರು ತರುಣರ ಒಂದು ರಜಾದಿನ, ಇಷ್ಟು ಸಾಕು. ಯಂತ್ರದ ಒಡೆಯರು ಎದುರಿಗೇ ಕುಳಿತಿರಬೇಕು. ಪಾಸ್‌ವರ್ಡನ್ನು ಅವರೇ ಒತ್ತಬೇಕು, ತರುಣರು ಮುಖ ತಿರುಗಿಸಿಕೊಳ್ಳಬೇಕು. ವಾರದ ನಂತರ ಬರುವ ಸಂದೇಹಗಳಿಗೆ ಉತ್ತರಿಸಲು ಒಬ್ಬರ ಫೋನ್ ಸಂಖ್ಯೆ ಗೊತ್ತಿರಬೇಕು, ಇಲ್ಲವಾದರೆ ಆ ಯಂತ್ರ ಮತ್ತೆ ಅಟ್ಟ ಸೇರುತ್ತದೆ. ಬರುವವರು ಲ್ಯಾಪ್‌ಟಾಪಿನೊಡನೆ ಅದರ ಚಾರ್ಜರನ್ನೂ ತರತಕ್ಕದ್ದು. ಹಳೆಯ ಬ್ಯಾಟರಿಯನ್ನು ನಂಬಿ ಸ್ಥಾಪನೆಗೆ ಕೈಹಾಕುವಂತಿಲ್ಲ.